ಕೆಂಪು ಗೆರೆ ಬಿದ್ದ ಪದವೆಲ್ಲ ತಪ್ಪಲ್ಲ

ಪ್ರಶ್ನೆ: ನಾನು ಬ್ರಹ್ಮಾವರದ ಹತ್ತಿರದವಳು. ನಾಲ್ಕು ವರ್ಷದಿಂದ ಕತೆ ಬರೆಯುತ್ತಿದ್ದೇನೆ. ಆಗಾಗ ಇಂಗ್ಲಿಷಿನಲ್ಲಿ ಸಣ್ಣ ಲೇಖನ ಬರೆಯುವುದೂ ಉಂಟು. ಕಳೆದ ತಿಂಗಳು ಒಂದು ಪತ್ರಿಕೆಯವರು ನನ್ನ ಕತೆಯನ್ನು ವಾಪಸ್ ಕಳಿಸಿದರು. ‘ಕತೆ ಚೆನ್ನಾಗಿದೆ, ಕಾಗುಣಿತದ ತಪ್ಪು ಜಾಸ್ತಿ, ತಿದ್ದಿ ಕಳಿಸಿ’ ಎಂದು ಬರೆದಿದ್ದರು. ಕಂಪ್ಯೂಟರಿನಲ್ಲಿ ಪರೀಕ್ಷೆಗೆ ಹಾಕಿದರೆ ಬೊಂಡ, ಚಾವಡಿ, ಪತ್ರೊಡೆ ಎಲ್ಲದರ ಅಡಿಗೂ ಕೆಂಪು ಗೆರೆ. ಮಗ ಹೇಳಿದನೆಂದು ಎಐಗೆ ಕೊಟ್ಟು ನೋಡಿದೆ. ತಪ್ಪೆಲ್ಲ ಹೋಯಿತು, ಆದರೆ ಕತೆಯ ಅಜ್ಜಿ ವಾರ್ತೆ ಓದುವವರ ಹಾಗೆ ಮಾತಾಡುತ್ತಾಳೆ. ಕನ್ನಡಕ್ಕೆ ಒಳ್ಳೆಯ ವ್ಯಾಕರಣ ತಂತ್ರಾಂಶ ಯಾವುದು? ದುಡ್ಡು ಕೊಟ್ಟು ಕೊಳ್ಳಬೇಕಾ?

ಉತ್ತರ: ನೀವು ಜೊತೆಗೆ ಕಳಿಸಿದ ಎರಡು ಪುಟಗಳನ್ನು ಪೆನ್ಸಿಲ್ ಹಿಡಿದು ಓದಿದೆ. ಮಂಗಳೂರಿನಲ್ಲಿ ಇಪ್ಪತ್ತೈದು ವರ್ಷ ಪ್ರೂಫ್ ನೋಡಿದವನು ನಾನು. ಪೆನ್ಸಿಲ್ ಇಲ್ಲದೆ ಓದಲು ಬರುವುದೇ ಇಲ್ಲ.

ಕೆಂಪು ಗೆರೆ ಬಿದ್ದ ಪದಗಳಲ್ಲಿ ನಿಜವಾಗಿ ತಪ್ಪಾಗಿದ್ದವು ನಾಲ್ಕೇ: ವಿಧ್ಯಾರ್ಥಿ, ಪ್ರಸಿದ್ದ, ಶುಭಾಷಯ, ಹಾರ್ಧಿಕ. ವಿದ್ಯಾರ್ಥಿ, ಪ್ರಸಿದ್ಧ, ಶುಭಾಶಯ, ಹಾರ್ದಿಕ ಎಂದು ಆಗಬೇಕು. ಉಳಿದ ಕೆಂಪು ಗೆರೆಗಳೆಲ್ಲ ಸರಿಯಾದ ಪದಗಳ ಅಡಿಯಲ್ಲೇ ಬಿದ್ದಿವೆ. ಆದರೆ ಗೆರೆಯೇ ಬೀಳದ ಮೂರು ತಪ್ಪುಗಳು ನನ್ನ ಕಣ್ಣಿಗೆ ಬಿದ್ದವು. ‘ಗದ್ದೆಯ ಕಲೆ ಕಿತ್ತಳು’ ಎಂದಿದೆ. ಅದು ಕಳೆ. ‘ನೆಂಟರೆಲ್ಲರೂ ಬರ ಬೇಕು’ ಎಂದಿದೆ. ಬರಬೇಕು ಎನ್ನುವುದನ್ನು ಒಡೆದು ಬರೆದದ್ದರಿಂದ ನೆಂಟರೆಲ್ಲ ಬರಗಾಲ ಕೇಳಿದ ಹಾಗಾಯಿತು. ಇನ್ನೊಂದು ಕಡೆ ಅಜ್ಜಿಯೂ ದೊಡ್ಡಮ್ಮನೂ ಮದುವೆಗೆ ಹೊರಡುವ ವಾಕ್ಯ. ಅದು ಐದು ಸಾಲು ಹೋಗಿ ಕೊನೆಗೆ ‘ಹೊರಟಳು’ ಎಂದು ಮುಗಿಯುತ್ತದೆ. ಇಬ್ಬರು ಹೊರಟರೆ ‘ಹೊರಟರು’ ಆಗಬೇಕು, ಅಲ್ವಾ?

ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರ ಆ ಎರಡು ಪುಟಗಳಲ್ಲೇ ಇದೆ. ಕೆಂಪು ಗೆರೆಗೆ ಇರುವ ಅರ್ಥ ಒಂದೇ: ‘ಈ ಪದ ನನ್ನ ಪಟ್ಟಿಯಲ್ಲಿ ಇಲ್ಲ.’ ಪದ ತಪ್ಪು ಎಂದು ಅದು ಹೇಳುತ್ತಿಲ್ಲ. ಗೆರೆ ಬೀಳದಿದ್ದರೆ ವಾಕ್ಯ ಸರಿ ಎಂದೂ ಅಲ್ಲ. ಕನ್ನಡದಲ್ಲಿ ಇವತ್ತು ನಮ್ಮ ಕೈಯಲ್ಲಿ ಇರುವುದು ಹೆಚ್ಚಾಗಿ ಕಾಗುಣಿತ ನೋಡುವ ಸಾಧನ. ಇಂಗ್ಲಿಷಿಗೆ ಇರುವ ಹಾಗೆ ಇಡೀ ವಾಕ್ಯ ಓದಿ, ಕರ್ತೃ ಎಲ್ಲಿ, ಕ್ರಿಯಾಪದ ಎಲ್ಲಿ ಎಂದು ನೋಡಿ ತಪ್ಪು ಹೇಳುವ, ನಂಬಿ ಕೂರಬಹುದಾದ ವ್ಯಾಕರಣ ತಂತ್ರಾಂಶ ನನ್ನ ಬಳಕೆಯಲ್ಲಿ ಇನ್ನೂ ಸಿಕ್ಕಿಲ್ಲ. ಹಾಗಾಗಿ ‘ವ್ಯಾಕರಣವನ್ನೂ ತಿದ್ದುತ್ತೇವೆ’ ಎಂದು ಯಾರಾದರೂ ಹೇಳಿದ ಮಾತ್ರಕ್ಕೆ ದುಡ್ಡು ಕೊಡಬೇಡಿ. ಮೊದಲು ಪರೀಕ್ಷೆ ಮಾಡಿ. ಹೇಗೆ ಎಂದು ಮುಂದೆ ಹೇಳುತ್ತೇನೆ.

ಇದು ಯಾಕೆ ಹೀಗೆ ಎಂದು ತಿಳಿದರೆ ಕೆಂಪು ಗೆರೆ ಕಂಡಾಗ ಮಂಡೆಬಿಸಿ ಆಗುವುದಿಲ್ಲ. ಇಂಗ್ಲಿಷಿನಲ್ಲಿ ‘ಗೋ’ ಎಂಬ ಪದಕ್ಕೆ ಐದು ರೂಪ. ಅವನ್ನು ಪಟ್ಟಿ ಮಾಡಿದರೆ ಮುಗಿಯಿತು. ನಮ್ಮ ‘ಹೋಗು’ ಹಾಗಲ್ಲ. ಹೋದಳು, ಹೋಗದಿದ್ದರೂ, ಹೋಗಬೇಕಾಗಿತ್ತು, ಹೋಗುವವರಿಗೆ, ಹೋಗಿಬಿಟ್ಟಿದ್ದರಂತೆ… ಬಾಲ ಬೆಳೆಯುತ್ತಲೇ ಇರುತ್ತದೆ. ‘ಮನೆಯಲ್ಲಿದ್ದವರಿಗಾದರೂ’ ಎಂಬುದು ನಮಗೆ ಒಂದೇ ಪದ. ಇಂಥ ರೂಪಗಳನ್ನೆಲ್ಲ ಒಂದೊಂದಾಗಿ ಪಟ್ಟಿಗೆ ಹಾಕಲು ಯಾರಿಂದಲೂ ಆಗದು.

ಇದಕ್ಕೆ ಒಂದು ದಾರಿ ಹುಡುಕಿದವರು ಹಂಗೇರಿಯವರು. ಅವರ ಭಾಷೆಯೂ ನಮ್ಮದರಂತೆ ಪದಕ್ಕೆ ಬಾಲ ಅಂಟಿಸುತ್ತಾ ಹೋಗುತ್ತದೆ. ಅದಕ್ಕಾಗಿ ಲಾಸ್ಲೋ ನೇಮೆತ್ ಅವರು ಮಾಡಿದ್ದು ಹನ್‌ಸ್ಪೆಲ್. ಬರೆಯಲು ಬಳಸುವ ಲಿಬ್ರೆಆಫೀಸ್, ಅಂತರ್ಜಾಲ ನೋಡುವ ಫೈರ್‌ಫಾಕ್ಸ್ ಎರಡರಲ್ಲೂ ಕಾಗುಣಿತ ನೋಡುವುದು ಇದೇ. ಇದರಲ್ಲಿ ಎರಡು ಫೈಲ್ ಇರುತ್ತವೆ. ಒಂದರಲ್ಲಿ ಮೂಲಪದಗಳ ಪಟ್ಟಿ. ಇನ್ನೊಂದರಲ್ಲಿ ಯಾವ ಪದಕ್ಕೆ ಯಾವ ಪ್ರತ್ಯಯ ಹೇಗೆ ಸೇರುತ್ತದೆ ಎಂಬ ನಿಯಮ. ಕನ್ನಡದ ಫಲಿತಾಂಶ ಈ ಎರಡು ಫೈಲ್ ಎಷ್ಟು ಗಟ್ಟಿ ಎಂಬುದರ ಮೇಲೆ ನಿಂತಿದೆ. ‘ಮನೆ’ ಪಟ್ಟಿಯಲ್ಲಿದ್ದು, ‘ಇದ್ದವರಿಗಾದರೂ’ ಸೇರುವ ನಿಯಮ ಇಲ್ಲದಿದ್ದರೆ ಕೆಂಪು ಗೆರೆ ಬೀಳುತ್ತದೆ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಈಗ ಯಾವುದನ್ನು ಇಟ್ಟುಕೊಳ್ಳುವುದು ಎಂಬ ವಿಷಯ. ಲ್ಯಾಪ್‌ಟಾಪಿನಲ್ಲಿ ಬರೆಯುವವರಿಗೆ ನಾನು ಲಿಬ್ರೆಆಫೀಸ್ ಹೇಳುತ್ತೇನೆ. ದುಡ್ಡು ಬೇಡ. ಕನ್ನಡದ ಹನ್‌ಸ್ಪೆಲ್ ನಿಘಂಟು ಸೇರಿಸಿಕೊಂಡು ಕೆಲಸ ಶುರು ಮಾಡಬಹುದು. ಮೈಕ್ರೊಸಾಫ್ಟ್ ವರ್ಡ್ ಮೊದಲೇ ಇದ್ದರೆ ಅದೂ ಆದೀತು, ಕನ್ನಡದ ಪ್ರೂಫಿಂಗ್ ಟೂಲ್ ಹಾಕಿಕೊಳ್ಳಬೇಕು. ಎರಡರಲ್ಲೂ ಒಂದು ಕೆಲಸ ಮರೆಯಬಾರದು. ಬರಹವನ್ನೆಲ್ಲ ಆಯ್ಕೆ ಮಾಡಿ ಅದರ ಭಾಷೆ ಕನ್ನಡ ಎಂದು ಗುರುತು ಹಾಕಬೇಕು. ಇಲ್ಲದಿದ್ದರೆ ಯಂತ್ರ ಕನ್ನಡದ ಪಟ್ಟಿ ತೆರೆಯುವುದೇ ಇಲ್ಲ. ಒಂದೂ ಕೆಂಪು ಗೆರೆ ಇಲ್ಲ ಎಂದು ಖುಷಿಪಟ್ಟು, ತಪ್ಪು ತುಂಬಿದ ಕತೆ ಕಳಿಸಿದವರನ್ನು ನಾನು ನೋಡಿದ್ದೇನೆ.

ನಿಮ್ಮ ಹಳೆಯ ಕತೆಗಳು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಇದ್ದರೆ ಮೊದಲು ಯುನಿಕೋಡಿಗೆ, ಅಂದರೆ ಕಂಪ್ಯೂಟರಿಗೂ ಕನ್ನಡ ಎಂದೇ ತಿಳಿಯುವ ಅಕ್ಷರಕ್ಕೆ, ಬದಲಿಸಿ. ಆ ಹಳೆಯ ಫಾಂಟುಗಳಲ್ಲಿ ನಮಗೆ ಕಾಣುವುದು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಪರೀಕ್ಷಕಕ್ಕೆ ಅದು ಭಾಷೆಯೇ ಅಲ್ಲ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ. ಎಡವಟ್ಟು ಆಗುವುದು ಅಲ್ಲೇ. ಇನ್ನು ಕೆಲವು ಮುದ್ರಣಾಲಯದವರು ಈಗಲೂ ಹಳೆಯ ಫಾಂಟಿನಲ್ಲೇ ಕೇಳುತ್ತಾರೆ. ಕೊಡಿ, ತೊಂದರೆ ಇಲ್ಲ. ಆದರೆ ತಿದ್ದುವ ಕೆಲಸವೆಲ್ಲ ಯುನಿಕೋಡಿನಲ್ಲಿ ಮುಗಿಸಿ, ಕೊನೆಯಲ್ಲಿ ಬದಲಿಸಿ ಕೊಡಿ.

ಕೊಳ್ಳುವ ಮೊದಲು ಮಾಡುವ ಪರೀಕ್ಷೆ ಇದು. ತಪ್ಪಿಲ್ಲ ಎಂದು ಖಾತ್ರಿ ಇರುವ ನಿಮ್ಮದೇ ಒಂದು ಪುಟ ತೆಗೆದುಕೊಳ್ಳಿ. ಅದರಲ್ಲಿ ಬೇಕೆಂದೇ ಹತ್ತು ತಪ್ಪು ಸೇರಿಸಿ. ಎರಡು ಕಡೆ ಅಲ್ಪಪ್ರಾಣ, ಮಹಾಪ್ರಾಣ ಅದಲು ಬದಲು ಮಾಡಿ. ಎರಡು ಕಡೆ ಕಳೆಯನ್ನು ಕಲೆ, ಹಾಳು ಎನ್ನುವುದನ್ನು ಹಾಲು ಮಾಡಿ. ಎರಡು ಪದಗಳನ್ನು ಒಡೆದು ಬರೆಯಿರಿ. ಎರಡು ವಾಕ್ಯಗಳಲ್ಲಿ ಲಿಂಗ, ವಚನ ಕೆಡಿಸಿ. ಎರಡು ಕಡೆ ವಿಭಕ್ತಿ ತಪ್ಪಿಸಿ, ‘ನನಗೆ ಕೊಟ್ಟರು’ ಎನ್ನುವಲ್ಲಿ ‘ನನ್ನನ್ನು ಕೊಟ್ಟರು’ ಮಾಡಿ. ಈಗ ತಂತ್ರಾಂಶಕ್ಕೆ ಕೊಡಿ. ಹತ್ತರಲ್ಲಿ ಎಷ್ಟು ಹಿಡಿಯಿತು ಎಂದು ಎಣಿಸಿ. ಜೊತೆಗೆ, ಸರಿಯಾದ ಎಷ್ಟು ಪದಗಳನ್ನು ತಪ್ಪು ಎಂದಿತು ಎಂದೂ ಎಣಿಸಿ. ಈ ಎರಡನೆಯ ಲೆಕ್ಕವನ್ನು ಯಾರೂ ಮಾಡುವುದಿಲ್ಲ. ನನಗೆ ಅದೇ ದೊಡ್ಡದು. ಸುಮ್ನೆ ಸುಮ್ನೆ ಗೆರೆ ಎಳೆಯುವ ತಂತ್ರಾಂಶ ಇದ್ದರೆ ನಾಲ್ಕು ದಿನದಲ್ಲಿ ಅದನ್ನು ನೋಡುವುದನ್ನೇ ಬಿಡುತ್ತೀರಿ. ಆಮೇಲೆ ನಿಜವಾದ ತಪ್ಪಿಗೆ ಗೆರೆ ಎಳೆದರೂ ಕಾಣುವುದಿಲ್ಲ.

ಗೆರೆಗಳನ್ನು ಕಡಿಮೆ ಮಾಡುವ ದಾರಿ ನಿಮ್ಮ ಕೈಯಲ್ಲೇ ಇದೆ. ಅದು ಸ್ವಂತ ನಿಘಂಟು. ಬೊಂಡ, ಚಾವಡಿ, ಪತ್ರೊಡೆ, ಕಂಬಳ, ತಂಬಿಲ, ಬಾಕಿಮಾರು ಇವೆಲ್ಲ ನಿಮ್ಮ ಕತೆಯ ಉಸಿರು. ಒಂದು ದಿನ ಕುಳಿತು ನಿಮ್ಮ ಐದಾರು ಕತೆಗಳಿಂದ ಊರಿನ ಪದ, ಮನೆತನದ ಹೆಸರು, ಪಾತ್ರಗಳ ಹೆಸರು ಎಲ್ಲವನ್ನೂ ಹೆಕ್ಕಿ. ನಿಘಂಟಿಗೆ ಸೇರಿಸಿ. ‘ಚಾವಡಿ’ ಸೇರಿಸಿದರೆ ‘ಚಾವಡಿಯಲ್ಲಿ’, ‘ಚಾವಡಿಗೆ’ ತಾವಾಗಿಯೇ ಸೇರುವುದಿಲ್ಲ. ಬೇಕಾದ ರೂಪಗಳನ್ನೂ ಕೊಡಬೇಕು. ಲಿಬ್ರೆಆಫೀಸ್‌ನಲ್ಲಿ ಹೊಸ ಪದದ ಜೊತೆ ಒಂದು ಮಾದರಿ ಪದ ಕೊಡುವ ಅನುಕೂಲ ಉಂಟು. ಮಾದರಿ ಪದಕ್ಕೆ ಪ್ರತ್ಯಯದ ನಿಯಮ ಇದ್ದರೆ ಹೊಸ ಪದಕ್ಕೂ ಅದೇ ನಡೆಯುತ್ತದೆ. ‘ಚಾವಡಿ’ಗೆ ‘ಅಂಗಡಿ’ಯನ್ನು ಮಾದರಿ ಮಾಡಿ ನೋಡಿ.

ಸೇರಿಸುವಾಗ ಮಾತ್ರ ಕೈ ನಿಧಾನ ಇರಲಿ. ಅವಸರದಲ್ಲಿ ‘ವಿಧ್ಯಾರ್ಥಿ’ಯನ್ನು ಸೇರಿಸಿಬಿಟ್ಟರೆ ಆ ತಪ್ಪಿಗೆ ಇನ್ನೆಂದೂ ಗೆರೆ ಬೀಳದು. ಅನುಮಾನ ಬಂದರೆ ಮೊದಲು ನಿಘಂಟು ನೋಡಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಹತ್ತಿರದ ಗ್ರಂಥಾಲಯದಲ್ಲಿ ಇದ್ದರೆ ಅದೇ ಮೊದಲು. ಮನೆಯಲ್ಲಿ ಕುಳಿತು ನೋಡಲು ವಿ. ಕೃಷ್ಣ ಅವರ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು ಇದೆ. 2019ರಿಂದ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತ. ನಮ್ಮ ಊರಿನದೇ ಎರಡು ದೊಡ್ಡ ಆಧಾರ ಉಂಟು ಎನ್ನುವುದನ್ನು ನಾವು ಮರೆಯಬಾರದು. ಕಿಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನಿಂದ ಹೊರಬಂದದ್ದು. ಅದರಲ್ಲಿ ಕನ್ನಡ ಪದದ ಜೊತೆಗೇ ತುಳು, ತಮಿಳಿನ ನೆಂಟ ಪದಗಳೂ ಸಿಗುತ್ತವೆ. ತುಳು ಪದ ಬಳಸುವಾಗ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ ಆರು ಸಂಪುಟಗಳ ತುಳು ನಿಘಂಟು ನೋಡಿ. ಯು. ಪಿ. ಉಪಾಧ್ಯಾಯರು ಅದರ ಪ್ರಧಾನ ಸಂಪಾದಕರು. ಬ್ರಹ್ಮಾವರದಿಂದ ಉಡುಪಿಗೆ ಬಸ್ಸಿನಲ್ಲಿ ಎಷ್ಟು ದೂರ! ಒಂದು ದಿನ ಹೋಗಿ, ನಿಮ್ಮ ಪಟ್ಟಿ ಹಿಡಿದು ಕೂತು ಬನ್ನಿ.

ಸ್ವಂತ ನಿಘಂಟಿನಿಂದ ಇನ್ನೊಂದು ಉಪಕಾರ ಉಂಟು. ನಿಮ್ಮ ಪುಟಗಳಲ್ಲಿ ಒಂದು ಕಡೆ ‘ಬಸ್’, ಇನ್ನೊಂದು ಕಡೆ ‘ಬಸ್ಸು’. ಒಮ್ಮೆ ‘ಕಾಲೇಜ್’, ಒಮ್ಮೆ ‘ಕಾಲೇಜು’. ಎರಡೂ ಸರಿಯೇ. ಆದರೆ ಒಂದೇ ಕತೆಯಲ್ಲಿ ಎರಡೂ ಬಂದರೆ ಸಂಪಾದಕರ ಕಣ್ಣಿಗೆ ಅಜಾಗರೂಕತೆ ಕಾಣುತ್ತದೆ. ನಿಮಗೆ ಬೇಕಾದ ರೂಪ ಒಂದನ್ನೇ ನಿಘಂಟಿನಲ್ಲಿ ಇಟ್ಟುಕೊಳ್ಳಿ. ಮೂಲಪಟ್ಟಿಯಲ್ಲಿ ಇನ್ನೊಂದು ರೂಪ ಇಲ್ಲದಿದ್ದರೆ ಗೆರೆ ಬಿದ್ದು ನೆನಪಿಸುತ್ತದೆ. ಈ ನಿಘಂಟಿನ ಫೈಲನ್ನು ಪೆನ್‌ಡ್ರೈವಿನಲ್ಲಿ ತೆಗೆದಿಡಿ. ಲ್ಯಾಪ್‌ಟಾಪ್ ಹಾಳಾದ ದಿನ ನಾಲ್ಕು ವರ್ಷದ ಕೂಡಿಕೆ ಹೋಗಬಾರದು.

ಈಗ ತಪ್ಪುಗಳ ಬೇರು ನೋಡೋಣ. ನಿಮ್ಮ ನಾಲ್ಕು ಕಾಗುಣಿತದ ತಪ್ಪುಗಳಲ್ಲಿ ಎಲ್ಲವೂ ತಿಳಿಯದೆ ಆದದ್ದಲ್ಲ ಎಂದು ನನಗೆ ಅನಿಸುತ್ತದೆ. ನೀವು ನುಡಿ ಕೀಲಿಮಣೆಯಲ್ಲಿ ಟೈಪ್ ಮಾಡುತ್ತೀರಿ ಎಂದು ಬರೆದಿದ್ದೀರಿ. ಅದರ ಮೂಲ ವಿನ್ಯಾಸ ನಮ್ಮ ಕಿನ್ನಿಕಂಬಳದ ಕೆ. ಪಿ. ರಾವ್ ಅವರದು. ಅದರಲ್ಲಿ ಒಂದೇ ಕೀಲಿಯಲ್ಲಿ ದ, ಶಿಫ್ಟ್ ಒತ್ತಿದರೆ ಧ. ಲ ಮತ್ತು ಳ, ನ ಮತ್ತು ಣ, ಸ ಮತ್ತು ಶ ಹಾಗೆಯೇ. ಬೇಗ ಟೈಪ್ ಮಾಡುವಾಗ ಶಿಫ್ಟ್ ತಪ್ಪಿದರೆ ಕಳೆ ಹೋಗಿ ಕಲೆ ಆಗುತ್ತದೆ, ಪ್ರಸಿದ್ಧ ಹೋಗಿ ಪ್ರಸಿದ್ದ ಆಗುತ್ತದೆ. ಇದು ಬೆರಳಿನ ತಪ್ಪು. ಹಾಗಾಗಿ ಒಂದು ಹಾಳೆಯಲ್ಲಿ ನಿಮ್ಮ ಬೆರಳು ಎಲ್ಲೆಲ್ಲಿ ಜಾರುತ್ತದೆ ಎಂದು ಬರೆದಿಡಿ. ಕತೆ ಮುಗಿದ ಮೇಲೆ ‘ಕಲೆ’, ‘ತಲೆ’, ‘ಬಲಿ’ ಎಂದು ಒಂದೊಂದಾಗಿ ಹುಡುಕಿ ನೋಡಿ. ಕಾಗುಣಿತ ಪರೀಕ್ಷಕ ಇವನ್ನು ಎಂದೂ ಹಿಡಿಯದು, ಯಾಕೆಂದರೆ ಇವೆಲ್ಲ ನಿಜವಾದ ಪದಗಳೇ. ಶುಭಾಷಯ ಮಾತ್ರ ಬೆರಳಿನ ತಪ್ಪಲ್ಲ. ಷ ಬೇರೆ ಕೀಲಿಯಲ್ಲಿದೆ. ಅದನ್ನು ಶುಭ, ಆಶಯ ಎಂದು ಬಿಡಿಸಿ ನೋಡಿದರೆ ಇನ್ನು ಮರೆಯುವುದಿಲ್ಲ.

ಕಣ್ಣಿಗೆ ಕಾಣದ ತಪ್ಪೂ ಒಂದಿದೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಕೂರುವುದು. ‘ಅಂಗಡಿ’ ಮತ್ತು ‘ಅ೦ಗಡಿ’ ಎರಡನ್ನೂ ನೋಡಿ. ಬಹುತೇಕ ಫಾಂಟುಗಳಲ್ಲಿ ವ್ಯತ್ಯಾಸ ಗೊತ್ತೇ ಆಗದು. ಎರಡನೆಯದರಲ್ಲಿ ಇರುವುದು ಅಂಕಿ. ‘ನನ್ನ ಅಂಗಡಿಗೆ ಯಾಕೆ ಕೆಂಪು ಗೆರೆ’ ಎಂದು ತಲೆ ಕೆರೆದುಕೊಳ್ಳುವವರು ಮೊದಲು ಇದನ್ನು ನೋಡಬೇಕು. ಬೇರೆ ಕಡೆಯಿಂದ ತಂದು ಅಂಟಿಸಿದ ಬರಹದಲ್ಲಿ ಇದು ಜಾಸ್ತಿ.

ಹುಡುಕಿ ಬದಲಿಸುವಾಗಲೂ ಎಚ್ಚರ ಬೇಕು. ನಾನು ಕೆಲಸ ಮಾಡುತ್ತಿದ್ದ ಮುದ್ರಣಾಲಯಕ್ಕೆ ಒಂದು ಕಾದಂಬರಿ ಬಂದಿತ್ತು. ಲೇಖಕರು ಕೊನೆಯ ಗಳಿಗೆಯಲ್ಲಿ ನಾಯಕನ ಹೆಸರು ರಾಮ ಬೇಡ, ಸೋಮ ಇರಲಿ ಎಂದರು. ನಾನು ‘ಎಲ್ಲವನ್ನೂ ಬದಲಿಸು’ ಒತ್ತಿದೆ. ಆರಾಮ ‘ಆಸೋಮ’ ಆಯಿತು. ಗ್ರಾಮ ‘ಗ್ಸೋಮ’ ಆಯಿತು! ಗ್ರಾಮದ ಒಳಗೆ ರಾಮ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಯುನಿಕೋಡಿನಲ್ಲಿ ಅದು ಗ, ಹಲಂತ, ರ, ದೀರ್ಘ, ಮ ಎಂದೇ ಕೂತಿರುತ್ತದೆ. ಗ್ರಾಮ ಪಂಚಾಯತಿನ ಕತೆ ಅದು. ಇಡೀ ರಾತ್ರಿ ಕುಳಿತು ಸರಿ ಮಾಡಬೇಕಾಯಿತು. ಅಂದಿನಿಂದ ನಾನು ಒಂದೊಂದೇ ನೋಡಿ ಬದಲಿಸುತ್ತೇನೆ. ಇನ್ನೂರು ಸಲ ಒತ್ತಬೇಕಾದರೂ ಸರಿ.

ವಾಕ್ಯದ ತಪ್ಪಿಗೆ, ಅಂದರೆ ‘ಹೊರಟಳು’, ‘ಹೊರಟರು’ ಥರದ್ದಕ್ಕೆ, ಕಿವಿಯೇ ಒಳ್ಳೆಯ ಪರೀಕ್ಷಕ. ಕರಾವಳಿಯಲ್ಲಿ ಯಕ್ಷಗಾನದ ಆಟ, ತಾಳಮದ್ದಳೆ ಕೇಳಿ ಬೆಳೆದವರ ಕಿವಿಗೆ ಇದು ಚೆನ್ನಾಗಿ ಗೊತ್ತು. ಬರೆದ ಪುಸ್ತಕ ಹಿಡಿಯದೆ ಗಂಟೆಗಟ್ಟಲೆ ಮಾತಾಡುವ ಅರ್ಥಧಾರಿಗಳ ವಾಕ್ಯ ಎಷ್ಟೇ ಉದ್ದ ಹೋದರೂ ಕೊನೆಯಲ್ಲಿ ಕರ್ತೃವಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ನಿಮ್ಮ ಕತೆಯನ್ನು ಗಟ್ಟಿಯಾಗಿ ಓದಿ. ನಾವೇ ಬರೆದದ್ದನ್ನು ಓದುವಾಗ ಕಣ್ಣು ತಪ್ಪನ್ನು ಹಾರಿಸಿಕೊಂಡು ಹೋಗುತ್ತದೆ. ಹಾಗಾಗಿ ಇನ್ನೊಮ್ಮೆ ಫೋನಿನಿಂದ ಓದಿಸಿ ಕೇಳಿ. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಓದಿ ಹೇಳುವ ವ್ಯವಸ್ಥೆ ಇದೆ. ಯಂತ್ರದ ದನಿ ಒಣ ಒಣ, ಆದರೆ ಅದು ಬರೆದದ್ದನ್ನು ಬರೆದ ಹಾಗೆಯೇ ಓದುತ್ತದೆ. ಬಿಟ್ಟುಹೋದ ಪದ, ಎರಡು ಸಲ ಬಂದ ಪದ ತಟ್ಟನೆ ಕಿವಿಗೆ ಬಡಿಯುತ್ತದೆ. ಪತ್ರಿಕೆಗೆ ಕಳಿಸುವ ಮುಂಚೆ ಬೇರೆ ಎಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ.

ಇನ್ನು ಎಐ. ನಿಮ್ಮ ಅಜ್ಜಿಗೆ ಆದದ್ದು ನನಗೆ ಆಶ್ಚರ್ಯ ತಂದಿಲ್ಲ, ಬೇಸರ ತಂದಿತು. ಮೂಲದಲ್ಲಿ ಅವಳು ‘ಎಂತ ಮಾರಾಯ್ತಿ, ಹೋಗ್ಲಿಕ್ಕೆ ಉಂಟಾ ಇಲ್ವಾ’ ಎನ್ನುತ್ತಾಳೆ. ತಿದ್ದಿ ಬಂದದ್ದರಲ್ಲಿ ‘ಏನಮ್ಮಾ, ನೀನು ಹೋಗಬೇಕಾಗಿದೆಯೇ’ ಎನ್ನುತ್ತಾಳೆ. ಬೊಂಡ ಎಳನೀರಾಗಿದೆ. ಈ ಯಂತ್ರಗಳು ಕಲಿತದ್ದು ಸಿಕ್ಕಿದ ಬರಹಗಳಿಂದ, ಅದರಲ್ಲಿ ನಮ್ಮ ಕಡೆಯ ಮಾತು ಕಡಿಮೆ. ಹಾಗಾಗಿ ಎಲ್ಲೆಡೆ ಕಾಣುವ ಕನ್ನಡದ ಕಡೆಗೆ ಎಳೆಯುತ್ತವೆ. ‘ತಿದ್ದಿ ಕೊಡು’ ಎಂದರೆ ತಪ್ಪಿನ ಜೊತೆ ದನಿಯನ್ನೂ ತಿದ್ದಿಬಿಡುತ್ತವೆ.

ಆದರೂ ಅದನ್ನು ಪೂರ್ತಿ ಬಿಡಿ ಎನ್ನುವುದಿಲ್ಲ. ವಚನ, ವಿಭಕ್ತಿಯ ತಪ್ಪು ಹುಡುಕುವುದರಲ್ಲಿ ಅದು ಕಾಗುಣಿತ ಪರೀಕ್ಷಕಕ್ಕಿಂತ ಮುಂದೆ ಇದೆ. ಕೇಳುವ ಮಾತನ್ನು ಬದಲಿಸಿ. ‘ಇದನ್ನು ತಿರುಗಿ ಬರೆಯಬೇಡ. ಕಾಗುಣಿತ, ಲಿಂಗ, ವಚನ, ವಿಭಕ್ತಿಯ ತಪ್ಪುಗಳನ್ನು ಮಾತ್ರ ಪಟ್ಟಿ ಮಾಡು. ಮೂಲ ಪದ, ಸರಿ ಪದ, ಕಾರಣ ಹೇಳು. ಸಂಭಾಷಣೆ ಉಡುಪಿ ಕಡೆಯ ಆಡುಮಾತು, ಅದನ್ನು ಮುಟ್ಟಬೇಡ’ ಎಂದು ಬರೆಯಿರಿ. ಒಂದು ಸಲಕ್ಕೆ ಒಂದೆರಡು ಪುಟ ಸಾಕು. ಬಂದ ಪಟ್ಟಿ ನೋಡಿಕೊಂಡು ನಿಮ್ಮ ಕೈಯಿಂದಲೇ ತಿದ್ದಿ. ಇಲ್ಲದ ನಿಯಮವನ್ನೂ ಅದು ಭರವಸೆಯಿಂದ ಹೇಳುವುದುಂಟು, ಅನುಮಾನ ಬಂದ ಕಡೆ ನಿಘಂಟು ತೆರೆಯಿರಿ. ಅಂಟಿಸಿದ ಬರಹ ನಿಮ್ಮ ಕಂಪ್ಯೂಟರಿನಿಂದ ಹೊರಗೆ, ಆ ಕಂಪನಿಯ ಯಂತ್ರಕ್ಕೆ ಹೋಗುತ್ತದೆ ಎನ್ನುವುದೂ ನೆನಪಿರಲಿ. ಅಚ್ಚಾಗದ ಕತೆಯನ್ನು ಹಾಕುವ ಮೊದಲು ಅವರ ಷರತ್ತು ಓದಿ. ಕಥಾಸ್ಪರ್ಧೆಗೆ ಕಳಿಸುವುದಾದರೆ ಎಐ ಬಳಕೆಯ ಬಗ್ಗೆ ಸ್ಪರ್ಧೆಯ ನಿಯಮವನ್ನೂ ಓದಿ.

ಇಂಗ್ಲಿಷ್ ಲೇಖನಗಳಿಗೆ ಹೆಚ್ಚು ಹೇಳುವುದಿಲ್ಲ. ಗ್ರಾಮರ್ಲಿ, ಲ್ಯಾಂಗ್ವೇಜ್‌ಟೂಲ್ ಎರಡರ ಉಚಿತ ರೂಪವೂ ನಿಮ್ಮ ಕೆಲಸಕ್ಕೆ ಸಾಕು. ಭಾಷೆಯನ್ನು ಅಮೆರಿಕನ್ ಇಂಗ್ಲಿಷಿನಿಂದ ಬ್ರಿಟಿಷ್ ಇಂಗ್ಲಿಷಿಗೆ ಬದಲಿಸಿಕೊಳ್ಳಿ. ಲ್ಯಾಂಗ್ವೇಜ್‌ಟೂಲ್ ಅನ್ನು ಸ್ವಂತ ಕಂಪ್ಯೂಟರಿನಲ್ಲೇ ಇಟ್ಟು ನಡೆಸಬಹುದು, ಬರಹ ಹೊರಗೆ ಹೋಗುವುದಿಲ್ಲ. ಆ ಕಾರಣಕ್ಕೆ ನನ್ನ ಮತ ಅದಕ್ಕೆ. ಕನ್ನಡಕ್ಕೆ ಇವೆರಡನ್ನೂ ನೆಚ್ಚಬೇಡಿ.

ಪತ್ರಿಕೆಗೆ ಕತೆಯನ್ನು ಮತ್ತೆ ಕಳಿಸಿ, ಬಿಡಬೇಡಿ. ಕಾಗುಣಿತದ ನಾಲ್ಕು, ಗೆರೆ ಬೀಳದ ಮೂರು, ಒಟ್ಟು ಏಳು ತಪ್ಪು ತಿದ್ದಿದರೆ ಈ ಎರಡು ಪುಟ ಸಿದ್ಧ. ಉಳಿದ ಪುಟಗಳನ್ನೂ ಹೀಗೇ ನೋಡಿ. ಜೊತೆಗೆ ಸಂಪಾದಕರಿಗೆ ಒಂದು ಸಣ್ಣ ಚೀಟಿ ಇಡಿ: ‘ಉಂಟು, ಎಂತ, ಬೊಂಡ, ಚಾವಡಿ, ಬಾಕಿಮಾರು ಇವು ನಮ್ಮ ಕಡೆಯ ಮಾತು, ಬೇಕೆಂದೇ ಬಳಸಿದ್ದು, ಹಾಗೆಯೇ ಇರಲಿ.’ ಪ್ರೂಫ್ ನೋಡುವವರ ಮೇಜಿಗೆ ಅಂಥ ಚೀಟಿ ಬಂದರೆ ಅವರು ಅದನ್ನು ಮೊದಲ ಪುಟಕ್ಕೆ ಪಿನ್ ಮಾಡಿಟ್ಟುಕೊಳ್ಳುತ್ತಾರೆ. ನಾನು ಹಾಗೆಯೇ ಮಾಡುತ್ತಿದ್ದೆ.